ಶುಕ್ರವಾರ ಬಾರದ ಹೊಟ್ಟೆನೋವು

ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಇದೇ ಬಗೆಯ ದೂರಿನೊಂದಿಗೆ ಬರುವ ಕುಟುಂಬಗಳು ಕಡಿಮೆಯಾಗದಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕರಾವಳಿಯ ಹತ್ತು ವರ್ಷದ ಹುಡುಗನೊಬ್ಬನಿಗೆ ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವು, ವಾಂತಿ. ವೈದ್ಯರಿಗೆ ಯಾವ ಕಾಯಿಲೆಯೂ ಕಾಣಲಿಲ್ಲ. ಶಾಲೆಯ ಭಯವಿರಬೇಕೆಂದು ತಂದೆ ಭಾವಿಸಿದ್ದರು. ಆದರೆ ಶಾಲೆಗೆ ರಜೆಯಿರುವ ಭಾನುವಾರವೂ ಬರುತ್ತಿದ್ದ ನೋವು, ಮದ್ರಸಕ್ಕೆ ರಜೆಯಿರುವ ಶುಕ್ರವಾರ ಮಾತ್ರ ಬರುತ್ತಿರಲಿಲ್ಲ. ಅರಬಿಯ ಬಾ, ತಾ ಅಕ್ಷರಗಳ ಚುಕ್ಕಿಗಳು ಹುಡುಗನಿಗೆ ಅದಲುಬದಲಾಗುತ್ತಿದ್ದವು. ತಪ್ಪಿದಾಗ ಮದ್ರಸದ ಗುರುಗಳಾದ ಉಸ್ತಾದರ ಬೆತ್ತ, ಮನೆಯಲ್ಲಿ ಹೇಳಿಕೊಂಡರೆ ತಂದೆಯ ಕೈ.

ತಂದೆಯೊಬ್ಬರೇ ಬಂದ ದಿನ ಅವರು ಕೇಳಿದರು: "ಹತ್ತು ವರ್ಷವಾದ ಮೇಲೆ ಹೊಡೆಯಬೇಕೆಂದು ಹದೀಸಿನಲ್ಲೇ ಇದೆಯಲ್ಲ ಮೇಡಂ?" ಹದೀಸೆಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿ; ಈ ಪ್ರಶ್ನೆಯನ್ನು ತಳ್ಳಿಹಾಕುವುದು ನನಗೆ ಸರಿಯೆನಿಸಲಿಲ್ಲ. ಪೂರ್ತಿ ಹೇಳಿ ಎಂದೆ. ಏಳು ವರ್ಷಕ್ಕೆ ನಮಾಝ್ ಮಾಡಲು ಹೇಳಿ, ಹತ್ತಕ್ಕೂ ಮಾಡದಿದ್ದರೆ ಹೊಡೆಯಿರಿ ಎಂದರು. ಏಳರಿಂದ ಹತ್ತರವರೆಗಿನ ಮೂರು ವರ್ಷಗಳಲ್ಲಿ ದಿನಕ್ಕೆ ಐದು ಹೊತ್ತಿನಂತೆ ಐದು ಸಾವಿರಕ್ಕೂ ಹೆಚ್ಚು ಸಲ ಪ್ರೀತಿಯಿಂದ ಕರೆಯುವ ಅವಕಾಶವಿದೆ, ಮೇಲಾಗಿ ಅದು ನಮಾಝಿನ ಮಾತೇ ಹೊರತು ಅಕ್ಷರ ತಪ್ಪಿದ ಮಗುವಿನ ಮಾತಲ್ಲ ಎಂದೆ. ಅನಂತರ, ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲವಿದೆ ಎಂಬ, ಪ್ರವಾದಿಯವರ ಪತ್ನಿ ಆಯಿಶಾ ಅವರು ವರದಿ ಮಾಡಿದ ಹದೀಸನ್ನು ಕೇಳಿದ್ದೀರಾ ಎಂದು ವಿಚಾರಿಸಿದೆ. "ಎಷ್ಟೋ ಸಲ ಕೇಳಿದ್ದೇನೆ," ಎಂದವರು ಬಹಳ ಹೊತ್ತು ಮಾತಾಡಲಿಲ್ಲ. "ಅದು ನನ್ನ ಮಗನ ವಿಷಯವೂ ಹೌದೆಂದು ಹೊಳೆದಿರಲಿಲ್ಲ," ಎಂದು ಅತ್ತರು.

ಆಪ್ತಸಲಹೆಗಾರರಿಗೆ ಧರ್ಮದ ಉಸಾಬರಿ ಏಕೆಂಬ ಆಕ್ಷೇಪ ನನಗೆ ಗೊತ್ತು. ನಾನು ಧರ್ಮಪಂಡಿತಳಲ್ಲ, ಫತ್ವಾ ಕೊಡುವುದೂ ಇಲ್ಲ. ಆದರೆ ಹೊಡೆತಕ್ಕೆ ಧರ್ಮವನ್ನೇ ಆಧಾರವಾಗಿ ಮುಂದಿಟ್ಟಾಗ, ಹತ್ತು ವರ್ಷ ಪ್ರವಾದಿಯವರ ಸೇವೆಯಲ್ಲಿದ್ದ ಬಾಲಕ ಅನಸ್ ಒಮ್ಮೆಯೂ ಅವರಿಂದ 'ಛೆ' ಎನ್ನಿಸಿಕೊಳ್ಳಲಿಲ್ಲವೆಂಬುದನ್ನು ನೆನಪಿಸದೆ ಇರಲಾರೆ. ದಂಡನೆಯ ಕಾಠಿಣ್ಯ ಮಕ್ಕಳಿಗೆ ಸುಳ್ಳನ್ನೂ ಕಪಟವನ್ನೂ ಕಲಿಸುತ್ತದೆಂದು 14ನೆಯ ಶತಮಾನದಲ್ಲೇ ಇತಿಹಾಸಕಾರ ಇಬ್ನ್ ಖಲ್ದೂನ್ ಬರೆದಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ ದಂಡನೆ ನಿಷೇಧವು 2012ರ ತಿದ್ದುಪಡಿಯಿಂದಾಗಿ ಮದ್ರಸ, ವೇದಪಾಠಶಾಲೆಗಳಿಗೆ ಅನ್ವಯಿಸುವುದಿಲ್ಲ ನಿಜ. ಆದರೂ ಮಗುವಿನ ಹೊಣೆ ಹೊತ್ತವರು ಎಸಗುವ ಕ್ರೌರ್ಯ 2015ರ ಬಾಲನ್ಯಾಯ ಕಾಯ್ದೆಯಡಿ ಎಲ್ಲಿ ನಡೆದರೂ ಅಪರಾಧವೇ.

ಮದ್ರಸ ಬಿಡಿಸಬೇಕೆಂದು ನಾನು ಹೇಳಲಿಲ್ಲ. ಹುಡುಗನಿಗೆ ಅಲ್ಲಿ ಗೆಳೆಯರಿದ್ದರು, ಕಲಿಯುವ ಆಸೆಯೂ ಇತ್ತು. ಮೊದಲು ತಂದೆ ತಾವು ಕೈಯೆತ್ತುವುದನ್ನು ನಿಲ್ಲಿಸಿ ಅದನ್ನು ಮಗನಿಗೆ ಬಾಯಿಬಿಟ್ಟು ಹೇಳಬೇಕು, ಕಣ್ಣಿನ ಮತ್ತು ಕಲಿಕೆಯ ತೊಂದರೆಯ ಪರೀಕ್ಷೆ ಮಾಡಿಸಬೇಕು, ಉಸ್ತಾದರನ್ನು ಮಗನ ಎದುರಿಗಲ್ಲದೆ ಪ್ರತ್ಯೇಕವಾಗಿ ಕಂಡು ಬೆತ್ತ ಬೇಡವೆಂದು ಸ್ಪಷ್ಟವಾಗಿ ತಿಳಿಸಬೇಕು, ಅದರಿಂದಾಗದಿದ್ದರೆ ಮಸೀದಿಯ ಜಮಾಅತ್ ಸಮಿತಿಗೂ, ಅಲ್ಲಿಯೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ದೂರು ಕೊಡಬೇಕು ಎಂದೆ. ಉಸ್ತಾದರನ್ನು ಕಾಣಲು ತಂದೆ ಮರುದಿನವೇ ಹೋದರು.