ಹಂಪಿ ನೋಡಲು ಜನ ಬರತೊಡಗಿದ್ದು ಯಾವಾಗ?

1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಷ್ಟೇ ಹಂಪಿಗೆ ಪ್ರವಾಸಿಗರು ಬರತೊಡಗಿದರಾ ಅಂತ ಕೇಳಿದ್ದೀರಿ. ಇಲ್ಲ, ತುಂಬಾ ಮೊದಲೇ. 1565ರಲ್ಲಿ ನಗರ ಹಾಳಾದ ಮೇಲೂ ವಿರೂಪಾಕ್ಷನ ದರ್ಶನಕ್ಕೆ ಭಕ್ತರು ಬರುತ್ತಲೇ ಇದ್ದರು. ಹಾಳು ಮಂಟಪಗಳನ್ನೇ ನೋಡಲು ಬರುವವರು ಜಾಸ್ತಿಯಾಗಿದ್ದು ಬ್ರಿಟಿಷರ ಕಾಲದಲ್ಲಿ. 1917ರಲ್ಲೇ ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಇಲ್ಲಿನ ಅವಶೇಷಗಳ ಬಗ್ಗೆ ಚಿತ್ರಸಹಿತ ಕೈಪಿಡಿ ಬರೆದಿದ್ದರು.

ಅದಕ್ಕೂ ಮೊದಲು, 1856ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊಗಳನ್ನು ದಯವಿಟ್ಟು ಒಮ್ಮೆ ನೋಡಿ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗಿನ್ನೂ ಇಟ್ಟಿಗೆಯ ಶಿಖರವಿತ್ತು! ಈಗ ಅದಿಲ್ಲ. 50 ರೂಪಾಯಿ ನೋಟಿನಲ್ಲಿರುವುದೂ ಶಿಖರವಿಲ್ಲದ ರಥವೇ, ಅಲ್ವಾ? ಆ ಫೋಟೊ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೋದಾಗ ರಥವನ್ನು ಮುಟ್ಟದೆ, ದೂರದಿಂದಲೇ ನೋಡಿ.