ಹಳೇ ವಿಡಿಯೋ ಗೇಮ್‌ಗಳಲ್ಲಿ ಕೈಬಿಟ್ಟ ಲೆವೆಲ್‌ಗಳು ಕ್ಯಾಸೆಟ್ ಒಳಗೇ ಉಳಿದಿರುತ್ತವೆ ಅಂತಾರಲ್ಲ, ನಿಜವಾ?

ಎಷ್ಟೋ ಗೇಮ್‌ಗಳಲ್ಲಿ ನಿಜ. ನಮ್ಮ ಸಕಲೇಶಪುರದ ಕಡೆ ಹಳೇ ಮನೆಯಲ್ಲಿ ಬೇಡವಾದ ಕೋಣೆಯನ್ನು ಒಡೆಯಲ್ಲ, ಬೀಗ ಜಡಿದು ಬಿಡ್ತಾರೆ. ಒಡೆದರೆ ಪಕ್ಕದ ಗೋಡೆಯೂ ಬಿದ್ದೀತು ಅನ್ನೋ ಭಯ. ಪ್ರೋಗ್ರಾಮರ್‌ಗಳದ್ದೂ ಅದೇ ಕತೆ. ಕೊನೇ ಗಳಿಗೆಯಲ್ಲಿ ಡೇಟಾ ಅಳಿಸಿದರೆ ಉಳಿದದ್ದರ ವಿಳಾಸಗಳು ಜರುಗಿ ಗೇಮೇ ಕೆಡಬಹುದು. ಹಾಗಾಗಿ ದಾರಿ ಮಾತ್ರ ಮುಚ್ಚುತ್ತಾರೆ.

1992ರ ಸೋನಿಕ್ 2ರಲ್ಲಿ ‘ಹಿಡನ್ ಪ್ಯಾಲೇಸ್’ ಲೆವೆಲ್ ಹೋದರೂ ಅದರ ಸಂಗೀತ ಸೌಂಡ್ ಟೆಸ್ಟ್‌ನಲ್ಲಿ (ಗೇಮಿನ ಸಂಗೀತ, ಸದ್ದುಗಳನ್ನು ಕೇಳುವ ಮೆನು) ಉಳಿಯಿತು. ಲೆವೆಲ್ ಮರಳಿದ್ದು 2013ರ ಮೊಬೈಲ್ ಆವೃತ್ತಿಯಲ್ಲಿ. ಸ್ಟಾರ್ ಫಾಕ್ಸ್ 2ರದ್ದು ಇನ್ನೂ ವಿಚಿತ್ರ: ಮುಗಿದ ಗೇಮನ್ನೇ ನಿಂಟೆಂಡೊ ಮೂಲೆಗಿಟ್ಟು 2017ರಲ್ಲಿ ಹೊರತಂದಿತು.

ಹಾಸನದ ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ಮಾರಿಯೋ ಆಡಿದವರು ಬಾಯಿ ಚಪ್ಪರಿಸಿ ಹೇಳುವ ‘ಮೈನಸ್ ವರ್ಲ್ಡ್’ (ಗೋಡೆ ತೂರಿ ಹೋದರೆ ಸಿಗುವ ವಿಚಿತ್ರ ಲೆವೆಲ್) ಮಾತ್ರ ಈ ಜಾತಿಯದ್ದಲ್ಲ. ಅದು ಬರೀ ಬಗ್, ಅಂದರೆ ಪ್ರೋಗ್ರಾಮಿನ ತಪ್ಪು.