‘ನಿನ್ನೆ ಗಂಗಾವತಿಗೆ ಹೋಗಿದ್ದೆ’ ಎನ್ನಲು ‘ಹ್ಯಾಡ್’ ಬೇಕೇ?

‘ನಿನ್ನೆ ಗಂಗಾವತಿಗೆ ಹೋಗಿದ್ದೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಐ ವೆಂಟ್’ ಸರಿಯೋ ‘ಐ ಹ್ಯಾಡ್ ಗಾನ್’ ಸರಿಯೋ ಎಂದು ಕೇಳಿದ್ದೀರಿ. ‘ಐ ವೆಂಟ್ ಟು ಗಂಗಾವತಿ ಯೆಸ್ಟರ್‌ಡೇ’, ಅಷ್ಟೇ ಸಾಕು.

ರಾಯಚೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಬೇಡದ ಕಡೆ ‘ಹ್ಯಾಡ್’ ಸೇರಿಸುವುದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ‘ಹೋಗಿದ್ದೆ’ ಎಂದರೆ ಕನ್ನಡದಲ್ಲಿ ಹೋಗಿ ಬಂದದ್ದೂ ತಿಳಿಯುತ್ತದೆ, ಮಾತು ಅಲ್ಲಿಗೇ ಪೂರ್ತಿಯಾಗುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಹಾಗೆ ಒಂಟಿಯಾಗಿ ನಿಲ್ಲಲು ಆಗದು. ಕಳೆದುಹೋದ ಇನ್ನೊಂದು ಗಳಿಗೆ ಅದಕ್ಕೆ ಆಸರೆಯಾಗಿರಬೇಕು. ಇಲ್ಲದಿದ್ದರೆ ಕೇಳುವವರು ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತಾರೆ.

‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಲೆಫ್ಟ್’ ಎಂದರೆ ನೀವು ಬಂದಿರಿ, ಆಗ ರೈಲು ಹೊರಟಿತು. ಅದು ಹೊರಡುವುದನ್ನು ನೀವು ಕಂಡಿರಬಹುದು, ಓಡಿದ್ದರೆ ಹತ್ತಲೂಬಹುದಿತ್ತು. ‘ದ ಟ್ರೈನ್ ಹ್ಯಾಡ್ ಲೆಫ್ಟ್’ ಎಂದರೆ ನೀವು ಬರುವಷ್ಟರಲ್ಲಿ ರೈಲು ಹೋಗಿಯಾಗಿತ್ತು. ‘ಹ್ಯಾಡ್’ ಕೆಲಸ ಮಾಡುವುದು ಇಲ್ಲಿ.

ಬಹಳ ಹಳೆಯ ಸಂಗತಿಗೆ ಪಾಸ್ಟ್ ಪರ್ಫೆಕ್ಟ್, ಅಂದರೆ ಈ ‘ಹ್ಯಾಡ್’ ಸೇರಿದ ರೂಪ, ಬೇಕು ಎಂಬ ನಂಬಿಕೆಯೊಂದಿದೆ. ಅದನ್ನು ದಯವಿಟ್ಟು ಬಿಟ್ಟುಬಿಡಿ. ನಮ್ಮೂರಿನ ಯುದ್ಧವನ್ನೇ ನೋಡಿ: ‘ವಿಜಯನಗರ ವನ್ ದ ಬ್ಯಾಟಲ್ ಆಫ್ ರಾಯಚೂರು ಇನ್ 1520’. ಐನೂರು ವರ್ಷ ದಾಟಿದರೂ ‘ಹ್ಯಾಡ್’ ಇಲ್ಲದ ಸಿಂಪಲ್ ಪಾಸ್ಟ್. ಆದರೆ ಕಥೆಯನ್ನು ತಾಳಿಕೋಟೆಯಿಂದ ಆರಂಭಿಸಿದರೆ, ‘ಇನ್ 1565 ವಿಜಯನಗರ ಲಾಸ್ಟ್ ಅಟ್ ತಾಳಿಕೋಟೆ. ಫಾರ್ಟಿ-ಫೈವ್ ಇಯರ್ಸ್ ಅರ್ಲಿಯರ್ ಇಟ್ ಹ್ಯಾಡ್ ವನ್ ಅಟ್ ರಾಯಚೂರು’. ಗೆಲುವು ಅದೇ, ಇಸವಿಯೂ ಅದೇ. ಹೇಳುವವರು 1565ರಲ್ಲಿ ನಿಂತು ಹಿಂದಿರುಗಿ ನೋಡಿದ್ದರಿಂದ ಕ್ರಿಯಾಪದ ಬದಲಾಯಿತು. ನಡೆದ ಕ್ರಮದಲ್ಲೇ ಹೇಳುತ್ತಾ ಹೋದರೆ ‘ಹ್ಯಾಡ್’ ಬೇಕಾಗುವುದೇ ಅಪರೂಪ.

‘ಬಿಫೋರ್’, ‘ಆಫ್ಟರ್’ ಇದ್ದಾಗ ಯಾವುದು ಮೊದಲೆಂಬುದು ಆ ಪದದಿಂದಲೇ ಗೊತ್ತಾಗುತ್ತದೆ. ‘ದ ಟ್ರೈನ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್’ ತಪ್ಪಲ್ಲ. ಅಲ್ಲಿ ‘ಹ್ಯಾಡ್’ ಕಡ್ಡಾಯವೆನ್ನುವ ಗೈಡುಗಳನ್ನು ನಾನು ಒಪ್ಪುವುದಿಲ್ಲ. ಆದರೂ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಕೊಟ್ಟರೆ ‘ಹ್ಯಾಡ್ ಲೆಫ್ಟ್’ ಎಂದೇ ಬರೆಯಿರಿ. ಅದೂ ಸರಿ, ಅಂಕವೂ ಉಳಿಯುತ್ತದೆ.